ಹೊತ್ತಿಗೆ ಮುಂಚೆ ಹಾಕಿದ ಸೂಜಿ

ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದ ದಿನ ನಾನು ನಗಲಿಲ್ಲ. ನಗುವ ಕೆಲಸವನ್ನು ಊರಿನವರು ನನ್ನ ಪರವಾಗಿ ಚೆನ್ನಾಗಿಯೇ ಮಾಡಿದರು. ಅನ್ನ ಬಿಡಿಸಿ ಮುದ್ದೆ ಉಣ್ಣಿಸು ಎಂದರು. ಬೆಳಿಗ್ಗೆ ಎದ್ದು ನಾಲೆ ಏರಿ ಮೇಲೆ ವಾಕಿಂಗ್ ಕರೆದುಕೊಂಡು ಹೋಗು ಎಂದರು. ಮನುಷ್ಯರೇ ಸೂಜಿ ಹಾಕಿಸಿಕೊಳ್ಳಲು ಪುರುಸೊತ್ತಿಲ್ಲದೆ ಸಾಯುತ್ತಿರುವಾಗ ಬೆಕ್ಕಿಗೆ ದಿನಕ್ಕೆ ಎರಡು ಸೂಜಿಯೇ ಎಂದು ಒಬ್ಬಳು ನನ್ನ ಮುಖಕ್ಕೇ ಕೇಳಿದಳು. ನಿನ್ನ ಹಾಲಿಗೆ ನೀರು ಬೆರೆಸಲು ಪುರುಸೊತ್ತಿದೆಯಲ್ಲ, ಅದರಲ್ಲಿ ಸ್ವಲ್ಪ ಇದಕ್ಕೂ ಇಟ್ಟುಕೋ ಎಂದೆ.

ಹಾಗೆ ಹೇಳುವ ಹಕ್ಕು ನನಗಿತ್ತು. ಪಾಲಹಳ್ಳಿ ಹತ್ತಿರದ ನಮ್ಮೂರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವವಳು ನಾನೇ. ಬೆಳಿಗ್ಗೆ ಆರೂಕಾಲಿಗೆ ಬಾಗಿಲು ತೆಗೆಯುತ್ತೇನೆ, ಸಂಜೆ ಆರೂಕಾಲಿಗೆ ಮತ್ತೆ ತೆಗೆಯುತ್ತೇನೆ. ಕ್ಯಾನುಗಳನ್ನು ಒಯ್ಯುವ ವ್ಯಾನು ಯಾರಿಗೂ ಕಾಯುವುದಿಲ್ಲ, ಆದ್ದರಿಂದ ನಾನೂ ಕಾಯುವುದಿಲ್ಲ. ತಡವಾಗಿ ಬಂದವರು ಹಾಲನ್ನು ಮನೆಗೆ ಹೊತ್ತುಕೊಂಡು ಹೋಗಿ ಹೆಪ್ಪು ಹಾಕಿಕೊಳ್ಳಬೇಕು. ಮೂಗಿನ ತುದಿಯಲ್ಲೇ ಕೋಪ ಎಂದು ಊರಿನಲ್ಲಿ ನನಗೆ ಹೆಸರಿದೆ. ಇರಲಿ. ಹಾಲು ಒಡೆದ ಮೇಲೆ ಯಾರ ಒಳ್ಳೆಯತನವೂ ಅದನ್ನು ಸರಿಮಾಡುವುದಿಲ್ಲ.

ಬೆಕ್ಕು ನನ್ನದಲ್ಲ, ಮಗಳದು. ನನ್ನ ಗಂಡನ ಮನೆ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಕಡೆ. ಅವನು ಇನ್ನೊಂದು ಸಂಸಾರ ಕಟ್ಟಿಕೊಂಡಾಗ ನಾನು ಏಳು ವರ್ಷದ ಮಗಳ ಕೈ ಹಿಡಿದು ತವರಿಗೆ ಬಂದೆ. ಅಣ್ಣ, ಅತ್ತಿಗೆ, ಅವ್ವ ಇರುವ ಈ ಮನೆಯಲ್ಲೇ ಅವಳು ಬೆಳೆದಳು. ಪಾಂಡವಪುರದಲ್ಲಿ ಕಾಲೇಜು ಓದುವಾಗ ಒಂದು ಸಂಜೆ ಪುಸ್ತಕದ ಬ್ಯಾಗಿನಲ್ಲಿ ಈ ಬೆಕ್ಕಿನ ಮರಿಯನ್ನು ಮುಚ್ಚಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಕಂಡಕ್ಟರಿಗೆ ಗೊತ್ತಾಗದಿರಲೆಂದು ದಾರಿಯುದ್ದಕ್ಕೂ ತಾನೇ ಕೆಮ್ಮುತ್ತಾ ಬಂದಳಂತೆ. ಅದು ಮಲಗುತ್ತಿದ್ದದ್ದು ಅವಳ ಹೊದಿಕೆಯೊಳಗೆ. ಅವಳು ಇಟ್ಟ ಹೆಸರಿಗೆ ಮಾತ್ರ ಓಗೊಡುತ್ತಿತ್ತು. ಆ ಹೆಸರನ್ನು ಇಲ್ಲಿ ಬರೆಯಲಾರೆ.

ಮಗಳು ಹತ್ತೊಂಬತ್ತಕ್ಕೇ ಹೋದಳು. ಡೆಂಗ್ಯೂ. ಮೂರು ದಿನ ಬರೀ ಜ್ವರದ ಮಾತ್ರೆ ನುಂಗಿಸಿ ಮನೆಯಲ್ಲಿಟ್ಟುಕೊಂಡವಳು ನಾನು. ನಾಲ್ಕನೆಯ ದಿನ ಆಸ್ಪತ್ರೆಗೆ ಸೇರಿಸಿದಾಗ, ನಿನ್ನೆಯೇ ತರಬೇಕಿತ್ತು, ತಡ ಮಾಡಿಬಿಟ್ಟಿರಿ ಎಂದರು. ಅವತ್ತಿನಿಂದ ತಡ ಎನ್ನುವ ಮಾತು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಿಡುತ್ತೇನೆ.

ಆದ್ದರಿಂದ ಅವಳು ಹೋಗಿ ವರ್ಷ ತುಂಬುವ ಮುಂಚೆ ಬೆಕ್ಕು ಸೊರಗತೊಡಗಿದಾಗ ನಾನು ಒಂದು ದಿನವೂ ಕಾಯಲಿಲ್ಲ. ಹಸುಗಳಿಗೆ ಇಟ್ಟ ಬಾನಿಗೆ ಬಗ್ಗಿ ನೀರು ಕುಡಿದದ್ದೇ ಕುಡಿದದ್ದು, ಒಲೆಯ ಬೂದಿಯಲ್ಲಿ ಉಚ್ಚೆ ಹುಯ್ದದ್ದೇ ಹುಯ್ದದ್ದು. ಬುಟ್ಟಿಗೆ ಹಾಕಿ, ಮೇಲೆ ಸೀರೆ ಸುತ್ತಿ ಮೈಸೂರಿಗೆ ಒಯ್ದೆ. ಡಾಕ್ಟರಮ್ಮ ರಕ್ತ ತೆಗೆದು ನೋಡಿ, ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್ ಹಾಕಬೇಕು, ಬಿಡದೆ ಹಾಕಿದರೆ ಇನ್ನೂ ಕೆಲವು ವರ್ಷ ಇರುತ್ತದೆ ಎಂದರು. ಕುತ್ತಿಗೆಯ ಹಿಂದೆ ಚರ್ಮ ಎತ್ತಿ ಹಿಡಿದು ಚುಚ್ಚುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಹೊರಡುವಾಗ ಬಾಗಿಲ ತನಕ ಬಂದು ಮತ್ತೊಮ್ಮೆ ಹೇಳಿದರು: "ಮೊದಲು ಊಟ, ಆಮೇಲೆ ಸೂಜಿ. ಅದು ಊಟ ಮಾಡದಿದ್ದರೆ ಸೂಜಿ ಹಾಕಲೇಬೇಡಿ. ಸಕ್ಕರೆ ಪೂರ್ತಿ ಇಳಿದುಹೋದರೆ ಜೀವಕ್ಕೇ ಅಪಾಯ."

ಹನ್ನೆರಡು ಗಂಟೆಗೊಮ್ಮೆ ಎಂದಾಗ ನನಗೆ ನೆಮ್ಮದಿಯೇ ಆಯಿತು. ನನ್ನ ದಿನವೇ ಹಾಗೆ ಎರಡು ಪಾಲಾಗಿತ್ತಲ್ಲ. ಡೈರಿಗೆ ಹೊರಡುವ ಮುಂಚೆ ಬೇಯಿಸಿದ ಕೋಳಿಯ ಚೂರು ಇಡುವುದು, ಅದು ತಟ್ಟೆ ನೆಕ್ಕುವಾಗ ಫ್ರಿಜ್ಜಿನಿಂದ ಔಷಧಿ ತೆಗೆದು ಅಂಗೈಯಲ್ಲಿ ಉರುಳಿಸುವುದು, ಸಣ್ಣ ಸಿರಿಂಜಿಗೆ ಎರಡು ಗೆರೆ ಎಳೆಯುವುದು, ಆರಕ್ಕೆ ಸರಿಯಾಗಿ ಚುಚ್ಚುವುದು. ಮೊದಮೊದಲು ಪರಚಿತು. ತಿಂಗಳು ಕಳೆಯುವಷ್ಟರಲ್ಲಿ ತಾನೇ ಬಂದು ಮುಂದೆ ಕೂರುತ್ತಿತ್ತು. ಬೆಳ್ಳೂರಿನಲ್ಲಿ ನೆಂಟರ ಮದುವೆಗೆ ಹೋದವಳು ಪಂಕ್ತಿಯ ಮಧ್ಯದಿಂದ ಎದ್ದು ಬಸ್ಸು ಹತ್ತಿ ಬಂದೆ. ಬೆಕ್ಕಿನ ಹೊತ್ತಾಯಿತು ಎಂದು ಬಾಳೆಲೆ ಮಡಚಿದವಳನ್ನು ಆ ನೆಂಟರು ಇನ್ನೂ ಆಡಿಕೊಳ್ಳುತ್ತಾರೆ. ಒಂದು ವರ್ಷ ನಾಲ್ಕು ತಿಂಗಳು, ಒಂದು ಸಲವೂ ತಪ್ಪಿಸಲಿಲ್ಲ, ಹತ್ತು ನಿಮಿಷವೂ ತಡ ಮಾಡಲಿಲ್ಲ. ಮಗಳ ಕೈಯ ವಾಸನೆ ಗೊತ್ತಿದ್ದ ಜೀವ ಈ ಮನೆಯಲ್ಲಿ ಅದೊಂದು ಇತ್ತು. ಅದನ್ನಾದರೂ ಉಳಿಸಿಕೊಳ್ಳಬೇಕಿತ್ತು, ಅಷ್ಟೆ.

ಇನ್ನು ಎಡೆಯ ವಿಚಾರ. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುವುದು ನಮ್ಮ ಕಡೆ ದೊಡ್ಡ ಹಬ್ಬ. ಕೋಳಿ, ಮಟನ್, ಕಜ್ಜಾಯ, ಒಡೆ, ಸತ್ತವರು ಇಷ್ಟಪಡುತ್ತಿದ್ದ ತಿಂಡಿ, ಹೊಸ ಬಟ್ಟೆ, ತಾತನಿಗೆ ಬೀಡಿ ಕಟ್ಟು, ಎಲ್ಲವನ್ನೂ ನಡುಮನೆಯಲ್ಲಿ ಬಾಳೆಲೆಯ ಮೇಲಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗುವವರೆಗೆ ಬಾಗಿಲು ತೆಗೆಯುವಂತಿಲ್ಲ. ಅದಾಗುವವರೆಗೆ ಮನೆಯಲ್ಲಿ ಯಾರ ಬಾಯಿಗೂ ತುತ್ತು ಹೋಗುವಂತಿಲ್ಲ. ಮಗಳು ಹೋದ ಮೇಲೆ ಬಂದ ಮೊದಲ ಹಬ್ಬದಲ್ಲಿ ಅವಳಿಗೆ ಎಲೆ ಹಾಕಲಿಲ್ಲ. ಅವಳು ಬೇರೆ ಮನೆಯ ಕುಡಿ, ಅವಳ ಎಡೆ ಅಪ್ಪನ ಮನೆಯಲ್ಲಿ ಇಡಬೇಕು ಎಂದು ಅಣ್ಣ ಹೇಳಿದ. ಆ ಅಪ್ಪ ಅವಳನ್ನು ಮಣ್ಣು ಮಾಡುವುದಕ್ಕೂ ಬಂದಿರಲಿಲ್ಲ. ನನ್ನ ಮಗಳು ಆ ದಿನ ಯಾವ ಮನೆಯ ಬಾಗಿಲಿಗೆ ಹೋಗಿ ನಿಂತಿರಬೇಕು ಎಂದು ಯೋಚಿಸಿ ನಾನು ಮೂರು ದಿನ ಅಣ್ಣನ ಜೊತೆ ಮಾತು ಬಿಟ್ಟೆ.

ಎರಡನೆಯ ವರ್ಷ ಅವ್ವ ಹಟ ಹಿಡಿದಳು. ಮೊಮ್ಮಗಳಿಗೆ ಎಲೆ ಹಾಕದಿದ್ದರೆ ತನ್ನ ಗಂಡನಿಗೂ ಹಾಕುವುದು ಬೇಡ ಎಂದಳು. ಅಣ್ಣ ಒಪ್ಪಿದ. ಅತ್ತಿಗೆ ತಾನೇ ಶ್ರೀರಂಗಪಟ್ಟಣಕ್ಕೆ ಹೋಗಿ ಅವಳ ಅಳತೆಯ ಚೂಡಿದಾರ್ ತಂದಳು. ಆ ಬಟ್ಟೆ ನೋಡಿದ ಮೇಲೆ ಈ ಮನೆಯವರು ಏನು ಹೇಳಿದರೂ ನಾನು ಹೂಂ ಎನ್ನುವುದಕ್ಕೆ ಸಿದ್ಧಳಾಗಿದ್ದೆ. ಅಷ್ಟು ವರ್ಷ ಎಲ್ಲದಕ್ಕೂ ಎದುರು ಮಾತಾಡಿದ ಬಾಯಿ ಅವತ್ತು ಮುಚ್ಚಿಕೊಂಡಿತು, ಮುಚ್ಚಬಾರದ ದಿನವೇ ಮುಚ್ಚಿಕೊಂಡಿತು.

ಹಬ್ಬದ ದಿನ ಸಂಜೆಯ ವ್ಯಾನು ಮುಂಚೆ ಬರುತ್ತದೆ. ನಾಲ್ಕಕ್ಕೆ ಕ್ಯಾನು ತುಂಬಿರಬೇಕು, ನಾನು ಮೂರೂವರೆಗೆ ಡೈರಿಯಲ್ಲಿರಬೇಕು. ಬಂದ ಮೇಲೆ ತಲೆಗೆ ಸ್ನಾನ. ಸ್ನಾನವಾದ ಮೇಲೆ ಎಡೆ ಮುಗಿದು ಬಡಿಸಿ ಆಗುವವರೆಗೆ ಬೆಕ್ಕನ್ನು ಮುಟ್ಟಬೇಡ ಎಂದು ಅವ್ವ ಬೆಳಿಗ್ಗೆಯೇ ಹೇಳಿದ್ದಳು. ಎಡೆ ಮುಗಿದು, ಎಲ್ಲರಿಗೂ ಬಡಿಸಿ, ಕೇರಿಯ ಮನೆಗಳಿಗೂ ಹಂಚಿ, ಆಮೇಲೆ ಸೂಜಿ ಹಾಕುವುದೆಂದರೆ ಎಂಟು ಗಂಟೆಯಾದರೂ ಆಯಿತು. ಎರಡು ಗಂಟೆ ತಡ. ಅದನ್ನು ನೆನೆಸಿಕೊಳ್ಳುವುದಕ್ಕೇ ನನ್ನಿಂದ ಆಗಲಿಲ್ಲ. ಡೈರಿಯವರಿಗೆ ಒಂದೇ ನ್ಯಾಯ, ತಡವಾದರೆ ಹಾಲು ಕೆಡುತ್ತದೆ, ಮುಂಚೆ ತಂದರೆ ಯಾರ ಹಾಲೂ ಕೆಟ್ಟಿದ್ದಿಲ್ಲ. ಅದೇ ನ್ಯಾಯವನ್ನು ನಾನು ಔಷಧಿಗೂ ಹಿಡಿದೆ. ಮೂರೂಕಾಲಿಗೇ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡೆ.

ಊಟ ಇಡಲಿಲ್ಲ. ಕೋಳಿ ಬೆಂದಿತ್ತು, ಆದರೆ ಎಡೆಗೆ ಮುಂಚೆ ಅದರಿಂದ ಒಂದು ಚೂರು ತೆಗೆಯುವಂತಿಲ್ಲ. ಬೇರೆ ಏನಾದರೂ ಕೊಡಲೇ ಎಂದು ಅತ್ತಿಗೆಯನ್ನು ಕೇಳಿದೆ. ಅವಳೇನೂ ಗದರಲಿಲ್ಲ. ನಿಮ್ಮಣ್ಣ ನಾಲ್ಕೂವರೆಗೆ ಬಂದುಬಿಡುತ್ತಾರೆ, ಐದಕ್ಕೆಲ್ಲ ಎಡೆ ಆಗುತ್ತದೆ, ಆದ ಕೂಡಲೇ ನಾನೇ ಅದಕ್ಕೊಂದು ಚೂರು ಹಾಕುತ್ತೇನೆ, ಅಲ್ಲಿಯವರೆಗೆ ತಡೆಯುವುದಿಲ್ಲವೇ ಎಂದಳು. ತಡೆಯುತ್ತದೆ ಎಂದೆ. ಸೂಜಿ ಹಾಕಿ, ಎಡೆಗೆ ಬಾಯಿ ಹಾಕದಿರಲೆಂದು ಅದನ್ನು ರಾಗಿ ಮೂಟೆ ಇಡುವ ಕೋಣೆಯಲ್ಲಿ ಕೂಡಿಹಾಕಿದೆ. ಆ ಕೋಣೆಯ ಬಾಗಿಲು ಇರುವುದು ನಡುಮನೆಗೆ. ಹೊರಡುವ ಹೊತ್ತಿಗೆ ಒಂದು ಸಲ ಕೂಗಿತು.

ಅಣ್ಣ ಕೆ.ಆರ್. ಪೇಟೆಗೆ ಬೆಲ್ಲದ ಲೋಡು ಬಿಡಲು ಹೋಗಿದ್ದ. ನಾಲ್ಕೂವರೆಗೆ ಬರಲಿಲ್ಲ, ಐದಕ್ಕೆ ಬರಲಿಲ್ಲ. ಫೋನು ಮಾಡಿದರೆ ಗಾಡಿ ಕೆಟ್ಟಿದೆ, ಈಗ ಬಂದೆ ಎಂದ. ಐದೂವರೆಗೂ ಈಗ ಬಂದೆ ಎಂದ. ನಾನು ಸ್ನಾನ ಮಾಡಿ, ಒದ್ದೆ ಕೂದಲು ಕಟ್ಟಿಕೊಂಡು, ಗೋಡೆಯ ಗಡಿಯಾರ ನೋಡುತ್ತಾ ಅವನನ್ನು ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದೆ. ಕೋಣೆಯಿಂದ ಬೆಕ್ಕು ಎರಡು ಮೂರು ಸಲ ಕೂಗಿ ಸುಮ್ಮನಾಯಿತು. ಡಾಕ್ಟರಮ್ಮನ ಮಾತು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಒಂದು ಸಲ ಎದ್ದೂ ನಿಂತೆ. ಸಾರಿಸಿ ರಂಗೋಲಿ ಇಟ್ಟ ನಡುಮನೆ, ಅದರ ಮೇಲೆ ಮಡಚಿಟ್ಟ ಹೊಸ ಚೂಡಿದಾರ್. ಅದನ್ನು ದಾಟಿ ಹೋಗಿ ಬೆಕ್ಕನ್ನು ಮುಟ್ಟಿ, ಎಲ್ಲವನ್ನೂ ಕೆಡಿಸಿ, ಈ ವರ್ಷವೂ ಮಗಳನ್ನು ಆಚೆ ನಿಲ್ಲಿಸಲೇ? ಕೂತೆ.

ಆರೂವರೆಗೆ ಅಣ್ಣ ಬಂದ. ನೀರು ಹುಯ್ದುಕೊಂಡು ಬರುವಷ್ಟರಲ್ಲಿ ಎಲೆ ಹಾಕಿದೆವು. ಮಗಳ ಎಲೆಗೆ ನಾನೇ ಬಡಿಸಿದೆ, ಅವಳಿಗೆ ಪ್ರಾಣವಾಗಿದ್ದ ಮಸಾಲೆ ಪುರಿಯನ್ನೂ ಇಟ್ಟೆ. ಅಣ್ಣ ಧೂಪ ಹಾಕಿ, ಅಡ್ಡಬಿದ್ದು, ಬಾಗಿಲು ಎಳೆದುಕೊಂಡ. ನಾಲ್ವರೂ ಜಗುಲಿಯಲ್ಲಿ ಕೂತೆವು.

ಎರಡು ನಿಮಿಷವಾಗಿರಬಹುದು, ಒಳಗೆ ಏನೋ ಬಿದ್ದ ಸದ್ದಾಯಿತು. ಆಮೇಲೆ ನೆಲಕ್ಕೆ ಏನೋ ಬಡಿದ ಸದ್ದು, ಒಂದೇ ಸಮನೆ, ಯಾರೋ ಹೆಜ್ಜೆ ಹಾಕಿ ಓಡಾಡುತ್ತಿರುವ ಹಾಗೆ. ಅವ್ವ ನನ್ನ ಮಂಡಿಯ ಮೇಲೆ ಕೈಯಿಟ್ಟಳು. "ಬಂದವ್ಳೆ ಕಣವ್ವ. ನಿನ್ ಮಗಳು ಬಂದವ್ಳೆ," ಎಂದಳು.

ಬೆಕ್ಕು ಆ ಕೋಣೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಕೂಡಿಹಾಕಿದವಳು ನಾನೇ. ಗೊತ್ತಿದ್ದೂ ನಂಬಿದೆ. ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಉಸಿರು ಬಿಟ್ಟ ಹಾಗಾಯಿತು. ಅವಳು ಹೊಸ ಬಟ್ಟೆ ನೋಡುತ್ತಿದ್ದಾಳೆ, ಮಸಾಲೆ ಪುರಿಗೆ ಈರುಳ್ಳಿ ಸಾಲದು ಎಂದು ಮುಖ ಸಿಂಡರಿಸುತ್ತಿದ್ದಾಳೆ ಎಂದೆಲ್ಲ ಕಣ್ಣಿಗೆ ಕಟ್ಟಿತು. ಸದ್ದು ನಿಂತು ಮತ್ತೆ ಶುರುವಾಯಿತು. ಅತ್ತಿಗೆ ತಲೆ ಎತ್ತಿದಳು. "ಬೆಕ್ಕೇನೋ ಒದ್ದಾಡ್ತೈತೆ ಕಣಮ್ಮಿ, ಬಾಗ್ಲು ತಗ್ದು ನೋಡ್ಬುಡಾನ," ಎಂದಳು.

ಅಣ್ಣನೂ ಎದ್ದಿದ್ದ. ನಾನು ಅತ್ತಿಗೆಯ ಸೆರಗು ಹಿಡಿದು ಎಳೆದೆ. "ಕುಂತ್ಕಳಿ ಅತ್ಗೆ. ಅವಳು ಉಣ್ಲಿ. ಇನ್ನೊಂದ್ ಗಳ್ಗೆ," ಎಂದೆ.

ಅವರು ಕೂತರು. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಹತ್ತು ನಿಮಿಷದಲ್ಲಿ ಸದ್ದು ಸಣ್ಣದಾಗುತ್ತಾ ಬಂದು ನಿಂತ ಮೇಲೆ ಉಂಡಾಯಿತು ಎಂದು ಅವ್ವನೇ ಹೇಳಿ ಬಾಗಿಲು ತೆಗೆಸಿದಳು.

ಎಲೆಗಳು ಇಟ್ಟ ಹಾಗೇ ಇದ್ದವು. ರಾಗಿ ಕೋಣೆಯ ಬಾಗಿಲು ತೆಗೆದಾಗ ಬೆಕ್ಕು ಮೂಟೆಗಳ ನಡುವೆ ಅಡ್ಡಬಿದ್ದಿತ್ತು. ಕಾಲು ಸೆಟೆದಿದ್ದವು, ಬಾಯಿಯಿಂದ ನೊರೆ ಬಂದು ಗದ್ದವೆಲ್ಲ ಒದ್ದೆ. ಮೊರವೊಂದು ಕೆಳಗೆ ಬಿದ್ದಿತ್ತು. ಉಸಿರು ಇನ್ನೂ ಇತ್ತು. ಅತ್ತಿಗೆ ಓಡಿಹೋಗಿ ಬೆಲ್ಲ ಕರಗಿಸಿ ತಂದಳು, ನಾನು ಬೆರಳಲ್ಲಿ ಅದ್ದಿ ವಸಡಿಗೆ ಸವರಿದೆ, ಅಣ್ಣ ಡಾಕ್ಟರಮ್ಮನಿಗೆ ಫೋನು ಹಚ್ಚಿದ. ಊಟ ಮಾಡಿತ್ತಾ ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಅಣ್ಣ ನನ್ನ ಮುಖ ನೋಡಿದ. ಅವನು ಉತ್ತರ ಕೊಡುವ ಮುಂಚೆಯೇ ಅದರ ಉಸಿರು ನಿಂತಿತು. ಹತ್ತು ನಿಮಿಷ ಮುಂಚೆ ಬೆಲ್ಲ ಸವರಿದ್ದರೆ ಉಳಿಯುತ್ತಿತ್ತೇನೋ ಎಂದು ಡಾಕ್ಟರಮ್ಮ ಹೇಳಿದರಂತೆ. ಅದನ್ನು ಅಣ್ಣ ನನಗೆ ಹೇಳಿದ್ದು ಎಷ್ಟೋ ದಿನವಾದ ಮೇಲೆ, ನಾನು ಕೆದಕಿ ಕೆದಕಿ ಕೇಳಿದಾಗ.

ಬೆಕ್ಕನ್ನು ಅಣ್ಣ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿ ಬಂದ. ಎಡೆಗೆ ಇಟ್ಟದ್ದನ್ನು ಉಣ್ಣದೆ ಇರಬಾರದು ಎಂದು ಅವ್ವ ಎಲ್ಲರಿಗೂ ಬಡಿಸಿದಳು. ನಾನೂ ಉಂಡೆ. ಅವ್ವ ನನ್ನ ಬೆನ್ನು ಸವರುತ್ತಾ, "ಅವಳ್ದೇ ಅಲ್ವಾ ಬುಡವ್ವ. ಬಂದು ಕರ್ಕೊಂಡೋದ್ಲು," ಎಂದಳು. ಮಾರನೆಯ ದಿನದಿಂದ ಡೈರಿಗೆ ಬರುವ ಹೆಂಗಸರೂ ಅದನ್ನೇ ಹೇಳತೊಡಗಿದರು. ಬೆಕ್ಕಿಗೆ ಸೂಜಿ ಎಂದು ನಕ್ಕವರೇ ಈಗ ಸೆರಗಿನಿಂದ ಕಣ್ಣೊರೆಸಿಕೊಂಡು, ನಿನ್ನ ಮಗಳು ಎಷ್ಟು ಪ್ರೀತಿಯವಳು ನೋಡು ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ. ಅತ್ತಿಗೆ ಮಾತ್ರ ಆ ಮಾತು ಒಂದು ದಿನವೂ ಆಡಲಿಲ್ಲ. ನಾನು ಅವಳ ಸೆರಗು ಎಳೆದದ್ದನ್ನೂ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಅವಳಿಗೂ ಹೇಳದ ಒಂದು ಮಾತಿದೆ. ಮಗಳು ಹೋದ ಮೇಲೆ ನಾನು ಸಂತೋಷವಾಗಿದ್ದದ್ದು ಜಗುಲಿಯಲ್ಲಿ ಕೂತ ಆ ಹತ್ತು ನಿಮಿಷ ಮಾತ್ರ.