ಮಾವನವರ ಹಕಾರ ಬಿದ್ದ ಬೆಳಿಗ್ಗೆ

ಮಾರೇನಹಳ್ಳಿಯಲ್ಲಿ ನಾನು ಸೊಪ್ಪು ಕೊಳ್ಳುವ ಜಾಗದ ಹಿಂದಿನ ಗೋಡೆಗೆ ಯಾರೋ ಹೊಸ ಚಿತ್ರ ಅಂಟಿಸಿದ್ದಾರೆ. ಬಾಯಿ ಒಂದು ಕಡೆಗೆ ಜೋತುಬಿದ್ದ ಮುಖ, ಮೇಲೇಳದ ಒಂದು ಕೈ, ಕೆಳಗೆ ‘ತಡಮಾಡಬೇಡಿ’ ಎಂಬ ದಪ್ಪಕ್ಷರ. ನೋಡಿ ನನಗೆ ನಗು ಬಂತು. ಪಾರ್ಶ್ವವಾಯುವಿನ ಚಿತ್ರ ನೋಡಿ ನಗುವವಳು ಎಂಥ ಹೆಂಗಸು ಎಂದು ನೀವು ತೀರ್ಮಾನಿಸುವ ಮೊದಲು ನಮ್ಮ ಮಾವನವರ ಕಥೆ ಕೇಳಿಬಿಡಿ.

ಎಪ್ಪತ್ತರ ದಶಕ. ಮದುವೆಯಾಗಿ ರಾಜಾಜಿನಗರಕ್ಕೆ ಬಂದು ಆರು ತಿಂಗಳಾಗಿತ್ತು. ಮಾವ ನಿವೃತ್ತ ಕನ್ನಡ ಮೇಷ್ಟ್ರು. ನಿವೃತ್ತಿ ಶಾಲೆಯಿಂದ ಮಾತ್ರ; ಊರವರ ಉಚ್ಚಾರಣೆ ತಿದ್ದುವ ಕೆಲಸಕ್ಕೆ ರಜೆಯೇ ಇರಲಿಲ್ಲ. ಹಾಲಿನ ಕೆಂಪಣ್ಣ ಬಾಗಿಲಲ್ಲಿ “ಆಲೂ” ಎಂದು ಕೂಗಿದರೆ ಇವರು ಒಳಗಿನಿಂದಲೇ, “ಹಾಲು! ಹ! ಹೊಟ್ಟೆಯಿಂದ ಬರಬೇಕಯ್ಯಾ!” ಎಂದು ಗುಡುಗುತ್ತಿದ್ದರು. ನಾನಂತೂ ಹೆದರಿ ಅವರೆದುರು ಹಕಾರದ ಸಹವಾಸವನ್ನೇ ಬಿಟ್ಟಿದ್ದೆ. ಹಪ್ಪಳ ಬಡಿಸುವಾಗ “ಅದು... ಕರಿದದ್ದು ಹಾಕಲಾ” ಎನ್ನಲು ಹೋಗಿ, ‘ಹಾಕಲಾ’ದಲ್ಲಿ ಸಿಕ್ಕಿಬೀಳುತ್ತಿದ್ದೆ.

ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದ ಮಾವ, “ಆಲು ಬಂತಾ?” ಎಂದರು.

ಅತ್ತೆ ಬಿದ್ದು ಬಿದ್ದು ನಕ್ಕರು. “ನೋಡೇ, ಕೆಂಪಣ್ಣನ್ನ ಅಣಕಿಸ್ತಿದಾರೆ!”

ನನಗೆ ನಗು ಬರಲಿಲ್ಲ. ಮಾವ ತಮಾಷೆಗೂ ಹಕಾರ ಬಿಡುವವರಲ್ಲ. ಕಾಫಿ ಲೋಟ ಕೊಟ್ಟೆ. ಬಲಗೈಯಿಂದ ಜಾರಿ ಬಿತ್ತು. ಬಾಯಿಯ ಬಲಮೂಲೆ ಇಳಿದಿತ್ತು.

“ಅತ್ತೆ, ಇದು ಅಣಕ ಅಲ್ಲ,” ಎಂದೆ. ಅತ್ತೆಗೆ ಎದುರಾಡಿದ್ದು ಅದೇ ಮೊದಲು.

ನನ್ನ ಗಂಡ ಓಡಿಹೋಗಿ ಡಾಕ್ಟರನ್ನು ಕರೆತಂದರು. ನಾನು ಮತ್ತೆ ಕಾಫಿ ತಂದದ್ದನ್ನು ನೋಡಿ ಡಾಕ್ಟರು ಗದರಿದರು: “ಬಾಯಿಗೆ ಏನೂ ಹಾಕ್ಬೇಡಮ್ಮ, ಉಸಿರಿಗೆ ಹೋಗುತ್ತೆ.” ಬಿ.ಪಿ. ನೋಡಿದರು, ಸ್ಕೂಟರಿನ ಕೀಲಿಯಿಂದ ಅಂಗಾಲು ಗೀರಿ ಕಾಲ್ಬೆರಳು ಹೇಗೆ ಅಲ್ಲಾಡುತ್ತವೆಂದು ನೋಡಿದರು, ಎರಡೂ ಕೈ ಎತ್ತಿಸಿದರು. ಬಲಗೈ ಸೋತು ಇಳಿಯಿತು.

“ಮೇಷ್ಟ್ರೇ, ಸ್ವಲ್ಪ ನಗಿ.”

ಮಾವ ಕಷ್ಟಪಟ್ಟು ನಕ್ಕರು. ನಗು ಎಡಕ್ಕೇ ಉಳಿಯಿತು.

“ಮೊದ್ಲಿಂದ್ಲೂ ಇವರ ನಗು ಹೀಗೇನಾ ಅಮ್ಮಾ?”

“ನಂಗೇನ್ ಗೊತ್ತು ಡಾಕ್ಟ್ರೇ? ಮದುವೆಯಾಗಿ ಮೂವತ್ತು ವರ್ಷ ಆಯ್ತು, ಇವತ್ತೇ ನೋಡ್ತಿರೋದು!” ಎಂದ ಅತ್ತೆ, ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟರು.

ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿರಬೇಕು ಎಂದರು ಡಾಕ್ಟರು. ತಲೆಯೊಳಗೆ ಇಣುಕುವ ಯಂತ್ರ ಆಗ ನಮ್ಮೂರಿನಲ್ಲಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಬಿ.ಪಿ. ಮಾತ್ರೆ, ಮಗ್ಗುಲು ಬದಲಿಸುವುದು, ಕಾಯುವುದು, ಇಷ್ಟೇ ಚಿಕಿತ್ಸೆ. ಮಾತು ಪೂರ್ತಿ ಬರುತ್ತದೆಯೇ ಎಂದು ಕೇಳಿದರೆ “ನೋಡೋಣ” ಎಂದು ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಎದುರುಮನೆಯವರು ಮೈಗೆ ತಿಕ್ಕಲೆಂದು ಪಾರಿವಾಳದ ರಕ್ತ ಸೂಚಿಸಿ, ಬುಟ್ಟಿಯಲ್ಲಿ ಪಾರಿವಾಳವನ್ನೇ ತಂದರು. ಅತ್ತೆ ಮುಚ್ಚಳ ತೆಗೆದು ಅದಕ್ಕೆ ಅಕ್ಕಿ ಹಾಕಿದರು. ಅದು ತಿಂದು ಹಾರಿಹೋಯಿತು.

ಮನೆಗೆ ಬಂದ ಮೇಲೆ ಕೈಗೆ ರಬ್ಬರ್ ಚೆಂಡು, ಊಟಕ್ಕೆ ಉಪ್ಪಿಲ್ಲದ ಸಾರು, ಬಾಯಿಗೆ ಕಾಗುಣಿತ. ಮೇಷ್ಟ್ರು ನಾನು! “ಹ ಹಾ ಹಿ ಹೀ ಅನ್ನಿ ಮಾವ.” “ಅ ಆ ಇ ಈ...” ಎಂದು ಕಣ್ಣು ತುಂಬಿಕೊಳ್ಳುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಕೆಂಪಣ್ಣ ಪಾಪ, ಹಾಲು ಕೊಟ್ಟು ಕೂಗದೆ ಹೋಗುತ್ತಿದ್ದ. ಮೂರು ತಿಂಗಳಾದ ಮೇಲೆ ಒಂದು ದಿನ ಮರೆತು “ಆಲೂ” ಎಂದುಬಿಟ್ಟ.

ಒಳಗಿನಿಂದ ತಡೆದು ತಡೆದು ಬಂತು: “ಹ... ಹಾ... ಹಾಲು ಕಣಯ್ಯಾ!”

ಕೆಂಪಣ್ಣ ಪಾತ್ರೆ ಕೆಳಗಿಟ್ಟು ಬಾಗಿಲಲ್ಲೇ ಕೈಮುಗಿದ. “ಬೈರಿ ಸಾಮಿ, ಇನ್ನೊಂದ್ ದಪ ಬೈರಿ!”

ಹೀಗೆ ನೆನೆದು ನಗುತ್ತಿದ್ದವಳನ್ನು ಸೊಪ್ಪಿನ ಜಯಮ್ಮ ನೋಡಿದಳು. ಚಿತ್ರವನ್ನೂ ನೋಡಿದಳು.

“ಅದೇನಕ್ಕಾ ಅದು? ನಮ್ಮೆಜಮಾನ್ರಿಗೂ ಈಗ ಒಂದ್ ಗಂಟೆಯಿಂದ ಹಂಗೇ ಆಗದೆ. ಗ್ಯಾಸ್ ಇರ್ಬೇಕು ಅಂತ ಮಲಗಿಸ್ಬಂದೆ.”

ಐವತ್ತು ವರ್ಷದಿಂದ ಬೀದಿಯಲ್ಲಿ ದನಿ ಎತ್ತದ ನಾನು “ಆಟೋ!” ಎಂದು ಕಿರುಚಿದೆ. ಅವಳ ರಟ್ಟೆ ಹಿಡಿದು ಎಬ್ಬಿಸಿದೆ.

“ಅಯ್ಯೋ, ಸೊಪ್ಪು ಬಾಡೋಗುತ್ತಕ್ಕಾ!”

“ಬಾಡ್ಲಿ. ಸೊಪ್ಪು ನಾಳೆನೂ ಬರುತ್ತೆ ಕಣೇ, ಆಟೋ ಹತ್ತು!”