ಒಂಬತ್ತನೇ ಬಗೆಯ ಅಡ್ಡಪಟ್ಟಿ

ಹೆರ್ಮೀನೆ ಕೋಫ್ಲರ್‌ಗೆ ಡಾಕ್ಟರ್ ಪದವಿ ಇರಲಿಲ್ಲ. ನಮ್ಮ ಆಸ್ಟ್ರಿಯಾದಲ್ಲಿ ಡಾಕ್ಟರ ಹೆಂಡತಿಯನ್ನೂ ಡಾಕ್ಟರಮ್ಮ ಅನ್ನುತ್ತಾರೆ. ಪದವಿ ಇಲ್ಲದವರು ಕತ್ತೆಯಂತೆ ದುಡಿದರೂ ಲೆಕ್ಕಕ್ಕಿಲ್ಲ. ನಮ್ಮ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ನಾನು ಫೋಟೊ ತೆಗೆಯುವವನು, ಆಕೆ ಹಳೆಯ ಕತ್ತಿಗಳ ದಾಖಲೆ ಬರೆಯುವವಳು. ಇಪ್ಪತ್ತೆರಡು ವರ್ಷ ಆಕೆ ನೋಡಿದ್ದು ಒಂದನ್ನೇ: ಹಿಡಿಗೂ ಅಲಗಿಗೂ ನಡುವೆ, ಕೈಗೆ ಏಟು ಬೀಳದಂತೆ ಕಾಯುವ ಅಡ್ಡಪಟ್ಟಿ. ನೇರವಾದದ್ದು ಒಂದು ಬಗೆ, ತುದಿ ಗುಂಡಗಿರುವುದು ಇನ್ನೊಂದು, ತಿರುಚಿದ್ದು ಮತ್ತೊಂದು. ಹೀಗೆ ಎಂಟು ಬಗೆಗಳಿಗೆ ಪಂಡಿತರು ಮೊದಲೇ ಹೆಸರಿಟ್ಟು ಮುಗಿಸಿದ್ದರು. ಒಂಬತ್ತನೆಯದು ಮಾತ್ರ ಹೆರ್ಮೀನೆಯದು. ಒಂದೇ ಕೋಟೆಯಿಂದ ಬಂದ, ಐನೂರು ವರ್ಷ ಹಳೆಯ ಹನ್ನೊಂದು ಕತ್ತಿಗಳಲ್ಲಿ ಪಟ್ಟಿಯ ಎರಡೂ ತುದಿ ಅಲಗಿನ ಕಡೆಗೆ ಬಾಗಿದ್ದವು. ಅಚ್ಚಿಗೆ ಹೊರಟಿದ್ದ ಆಕೆಯ ಪುಸ್ತಕದಲ್ಲಿ ಅದಕ್ಕೆ ‘ಕೋಫ್ಲರ್ ಬಗೆ’ ಎಂದೇ ಹೆಸರು.

ಅದಕ್ಕೂ ಎಷ್ಟು ಪಾಡು! “ಬಾಗಿದ ಕಬ್ಬಿಣಕ್ಕೆಲ್ಲ ಹೆಸರಿಡೋದಾದ್ರೆ ನಮ್ಮನೆ ಬೇಲಿಗೂ ಒಂದಿಡಿ” ಎಂದು ನಿರ್ದೇಶಕರು ನಾಲ್ಕು ವರ್ಷ ಸತಾಯಿಸಿ ಒಪ್ಪಿದ್ದರು. ನನಗೆ ಮೈ ಉರಿಯುತ್ತಿತ್ತು. ಆಕೆ ಸುಮ್ಮನೆ ಇನ್ನೊಂದು ಕತ್ತಿಯ ದಾಖಲೆ ಕಾರ್ಡು ಬರೆಯುತ್ತಿದ್ದಳು.

ಕೊನೆಯ ಕರಡು ತಿದ್ದುವ ದಿನ ಬೆಳಿಗ್ಗೆ ಕಪಾಟಿನ ಬೀಗ ಕೆಟ್ಟಿತು. ರಿಪೇರಿಗೆ ಬಂದ ಮುದುಕ ಪ್ರೆಟ್ನರ್ ಆ ಕೋಟೆಯ ಕೆಳಗಿನ ಹಳ್ಳಿಯವನು. ಮೇಜಿನ ಮೇಲಿದ್ದ ಕತ್ತಿಗಳನ್ನು ನೋಡಿ ನಕ್ಕ.

“ಇವು ಇನ್ನೂ ಇದಾವಾ ಡಾಕ್ಟರಮ್ಮ? ನಮ್ಮಜ್ಜ ಬಗ್ಸಿದ್ದು ಕಣ್ರೀ!”

“ಏನು ಬಗ್ಸಿದ್ದು?” ಎಂದಳು ಹೆರ್ಮೀನೆ.

“ಈ ಪಟ್ಟೀನ. ಕೋಟೆ ಯಜಮಾನಮ್ಮಂಗೆ ಗೋಡೆ ಮೇಲೆ ಕತ್ತಿಗಳನ್ನ ಬೀಸಣಿಗೆ ಥರ ಜೋಡಿಸೋ ಶೋಕಿ. ಪಟ್ಟಿಗೆ ಪಟ್ಟಿ ತಾಗಿ ಒಂದೂ ಕೂರ್ತಿರ್ಲಿಲ್ಲ. ಅಜ್ಜ ಕಮ್ಮಾರ, ಕುಲುಮೇಲಿ ಕಾಯ್ಸಿ ಎಲ್ಲಾನೂ ಒಂದೇ ಅಳತೆಗೆ ಬಡಿದ. ಒಂದು ಮಧ್ಯಾಹ್ನದ ಕೆಲಸ. ಅವರು ಕೊಟ್ಟ ಹಂದಿ ತೊಡೆ ರುಚೀನ ಸಾಯೋವರ್ಗೂ ಹೇಳ್ತಿದ್ದ!”

ಹೆರ್ಮೀನೆ ಕಾರ್ಡುಗಳನ್ನು ಹೊರಗೆ ತೆಗೆದಳು. ಹನ್ನೊಂದರಲ್ಲೂ ಆಕೆಯದೇ ಅಕ್ಷರ: ‘ಬಾಗಿದಲ್ಲೆಲ್ಲ ಒಂದೇ ಸುತ್ತಿಗೆಯ ಗುರುತು. ಒಬ್ಬನೇ ಕಮ್ಮಾರನ ಕೈ.’ ಸರಿಯಾಗಿಯೇ ನೋಡಿದ್ದಳು; ನಾಲ್ಕು ಶತಮಾನ ತಪ್ಪಿತ್ತು, ಅಷ್ಟೇ. ಕೋಟೆಯ ಕಾಗದಪತ್ರಗಳನ್ನೆಲ್ಲ ಜಾಲಾಡಿದ್ದ ನಾವು ಕೆಳಗಿನ ಹಳ್ಳಿಯಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಓದಿದವರು ಕಮ್ಮಾರನ ಮೊಮ್ಮಗನನ್ನು ಕೇಳುವುದುಂಟೆ? ಇಪ್ಪತ್ತೆರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಪ್ರೆಟ್ನರ್ ಬೀಗಕ್ಕೆ ಎಣ್ಣೆ ಬಿಡತೊಡಗಿದ. ನಾನು ಆಕೆಯ ಕಿವಿಯ ಹತ್ತಿರ ಹೋದೆ.

“ಸುಮ್ನಿರಿ ಹೆರ್ಮೀನೆ. ಮುದುಕನ ಮಾತು ಯಾರು ಕೇಳ್ತಾರೆ?”

“ನಾನು ಕೇಳಿದೀನಲ್ಲ.”

ನನಗೆ ಆಕೆಯ ಮೇಲೇ ಸಿಟ್ಟು ಬಂತು. ಆಕೆ ಕೈಗೆತ್ತಿಕೊಂಡ ಕೆಂಪು ಪೆನ್ಸಿಲು ಕಿತ್ತುಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಆಕೆ ಒಂಬತ್ತನೇ ಬಗೆಯ ಪುಟಗಳಿಗೆಲ್ಲ ಗೀಟು ಎಳೆದಾಗಿತ್ತು. ಕರಡು ಒಯ್ಯಲು ಬಂದ ನಿರ್ದೇಶಕರು ಪುಟ ತಿರುವಿ ಹುಬ್ಬೇರಿಸಿದರು.

“ಇದೂ ಹೋದ್ರೆ ಪುಸ್ತಕದಲ್ಲಿ ನಿಮ್ಮದು ಅಂತ ಏನ್ರೀ ಉಳೀತು?”

“ಏನೂ ಇಲ್ಲ,” ಎಂದು ಆಕೆ ಪ್ರೆಟ್ನರ್ ಕಡೆ ತಿರುಗಿದಳು. “ನಿಮ್ಮಜ್ಜನ ಹೆಸರೇನು? ಸರಿಯಾಗಿ ಹೇಳಿ, ಬರ್ಕೋಬೇಕು.”

“ಲಿಯೋಪೋಲ್ಡ್ ಪ್ರೆಟ್ನರ್. ಯಾಕಮ್ಮ, ಏನಾದ್ರೂ ತಪ್ಪಾಯ್ತಾ?”

“ಇಲ್ಲ. ಚೆನ್ನಾಗಿ ಬಗ್ಸಿದಾರೆ.”

ಹನ್ನೊಂದು ಕಾರ್ಡುಗಳಲ್ಲೂ ತನ್ನ ಹೆಸರು ಹೊಡೆದುಹಾಕಿ ಆ ಕಮ್ಮಾರನ ಹೆಸರು ಬರೆದಳು, ದುಂಡಗೆ, ಅವಸರವಿಲ್ಲದೆ. ಆಮೇಲೆ ಕೈ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಪ್ರೆಟ್ನರ್ ಬೀಗ ಮುಗಿಸಿ ಹೊರಟುಹೋದರೂ ಆಕೆ ಹೊರಗೆ ಬರಲಿಲ್ಲ.