ಇಂಟು ಮಾರ್ಕು ಮತ್ತು ನನ್ನ ಅರ್ಧ ಪುಟ

ಮುಟ್ಟಬೇಡ. ರೇಟು ಕೇಳಬೇಡ. 'ಇದೇನಿದು' ಅಂತಂತೂ ಕೇಳಲೇಬೇಡ.

ಕಳೆದ ಭಾನುವಾರ ಗೋಪಾಳದ ನಮ್ಮ ಮನೆಯಿಂದ ಸವಳಂಗ ರಸ್ತೆಗೆ ಹೋಗುವಾಗ ಆಟೋದಲ್ಲಿ ಅಪ್ಪನಿಗೆ ನಾನು ಕೊಟ್ಟ ಸೂಚನೆಗಳಿವು. ಅಲ್ಲೊಂದು ಆಧುನಿಕ ಕಲಾಪ್ರದರ್ಶನವಿತ್ತು. ನಮ್ಮ ಕಾಲೇಜಿನ ಸಹೋದ್ಯೋಗಿಗಳೂ ಬರುವವರಿದ್ದರು. ಹಿಂದಿನ ದಿನವಷ್ಟೇ ಭದ್ರಾವತಿಯಿಂದ ಬಂದಿದ್ದ ಅಪ್ಪ, ನಾನೂ ಬರ್ತೀನಿ ಎಂದು ಇಸ್ತ್ರಿ ಅಂಗಿ ತೊಟ್ಟು ಹೊರಟೇಬಿಟ್ಟಿದ್ದ.

"ಹಂಗಾದ್ರೆ ಅಲ್ಲಿ ಏನ್ ಮಾಡ್ಬೇಕು?" ಎಂದ.

"ಸುಮ್ನೆ ನೋಡ್ಬೇಕು."

"ತ್ಯಾವರೆಕೊಪ್ಪದ ಸಫಾರೀಲಿ ಹುಲಿ ನೋಡ್ದಂಗೆ?"

ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. (ಹೇಳಿ ಹೇಳಿ ನಿಮಗೂ ಬಾಯಿಪಾಠವಾಗಿರಬೇಕು. ಇರಲಿ, ಕಷ್ಟಪಟ್ಟು ಪಡೆದದ್ದು, ಹೇಳಿಕೊಳ್ಳುತ್ತೇನೆ.) ಅಪ್ಪ ಒಂದು ಸಣ್ಣ ಫೌಂಡ್ರಿಯಲ್ಲಿ ಮೌಲ್ಡರ್ ಆಗಿದ್ದವನು. ಮರಳಿನಲ್ಲಿ ಅಚ್ಚು ಕಟ್ಟಿ, ಅದಕ್ಕೆ ಕರಗಿದ ಕಬ್ಬಿಣ ಹೊಯ್ಯುವ ಕೆಲಸ.

ಅಜ್ಜನ ಕಾಲದಿಂದ ಓದಿಕೊಂಡು ಬಂದ ಮನೆಯವರು ಆರಾಮಾಗಿ 'ನಂಗೆ ಅರ್ಥವಾಗ್ಲಿಲ್ಲ' ಅಂದುಬಿಡುತ್ತಾರೆ. ನನ್ನಂಥವರಿಗೆ ಆ ಧೈರ್ಯ ಎಲ್ಲಿ? ಎಲ್ಲಿ ಸರ್ಟಿಫಿಕೇಟು ವಾಪಸ್ ಕೇಳುತ್ತಾರೋ ಎಂಬ ಭಯ. ಸೆಮಿನಾರಿರಲಿ, ಡಾಕ್ಟರ ರಿಪೋರ್ಟಿರಲಿ, ಅರ್ಥವಾಗದ ಕಡೆಯೆಲ್ಲ ನಾವು ತಲೆಯಾಡಿಸುತ್ತೇವೆ.

ಅಲ್ಲಿಯೂ ಆಡಿಸಿದೆ. ಮೊದಲನೆಯದು ಖಾಲಿ ಕ್ಯಾನ್ವಾಸು, ಮೂಲೆಯಲ್ಲೊಂದು ಕೆಂಪು ಚುಕ್ಕಿ. ತಲೆಯಾಡಿಸಿದೆ. ಆಮೇಲೆ ತಲೆಕೆಳಗಾಗಿ ತೂಗುಬಿಟ್ಟ ಪ್ಲಾಸ್ಟಿಕ್ ಕುರ್ಚಿ. ಇನ್ನೂ ಜೋರಾಗಿ ಆಡಿಸಿದೆ. ಅಪ್ಪ ಬೆನ್ನ ಹಿಂದೆ ಕೈಕಟ್ಟಿಕೊಂಡು ತುಟಿ ಪಿಟಕ್ಕೆನ್ನದೆ ಬಂದ.

ಕೊನೆಯಲ್ಲಿ, ಬಿಳಿ ಪೀಠದ ಮೇಲೆ, ಸ್ಪಾಟ್‌ಲೈಟಿನ ಕೆಳಗೆ ಕಬ್ಬಿಣದ ಒಂದು ಪುಲ್ಲಿ. ಮೈತುಂಬ ತೂತು. ಮೇಲೆ ಹಳದಿ ಪೇಂಟಿನ ದೊಡ್ಡ ಇಂಟು ಮಾರ್ಕು. ಚೀಟಿಯಲ್ಲಿ ಕಲಾವಿದನ ಹೆಸರು, ಅದರಡಿ 'ಹೆಸರಿಲ್ಲದ್ದು – 4'.

"ಏನನ್ಸುತ್ತೆ ಮೇಡಂ?" ಎಂದರು ಸಹೋದ್ಯೋಗಿಯೊಬ್ಬರು.

ಬಿಡುತ್ತೇನೆಯೇ? ತೂತುಗಳೆಂದರೆ ಇಂದಿನ ಮನುಷ್ಯಕುಲದ ಒಳಗಿನ ಖಾಲಿತನ, ಇಂಟು ಮಾರ್ಕೆಂದರೆ ವ್ಯವಸ್ಥೆಯ ವಿರುದ್ಧ ಪ್ರತಿಭಟನೆ ಎಂದೆ. ಅಭಿಪ್ರಾಯ ಪುಸ್ತಕದಲ್ಲಿ ಅದನ್ನೇ ಅರ್ಧ ಪುಟ ಬರೆದೂಬಿಟ್ಟೆ. ಪಕ್ಕದಲ್ಲೇ ನಿಂತಿದ್ದ ಕಲಾವಿದ ಖುಷಿಯಿಂದ ಕೈಮುಗಿದರು.

ಆಗ ಅಪ್ಪ ಕೆಮ್ಮಿದ.

"ಇದನ್ನ ಎರಕ ಹೊಯ್ದಿದ್ದು ಯಾರು ಸ್ವಾಮಿ?"

"ಗೊತ್ತಿಲ್ಲ ಅಂಕಲ್. ಭದ್ರಾವತಿ ಗುಜರಿ ಅಂಗಡೀಲಿ ಸಿಕ್ತು. ಹೆಂಗಿತ್ತೋ ಹಂಗೇ ಇಟ್ಟಿದೀನಿ. ಮಾರ್ಕೂ ಮೊದ್ಲಿಂದಾನೇ ಇತ್ತು."

"ಅದು ಫೌಂಡ್ರೀಲಿ ಮಾಲು ಚೆಕ್ ಮಾಡೋ ಇನ್‌ಸ್ಪೆಕ್ಟರ್ ಹಾಕಿದ್ದು. ರಿಜೆಕ್ಟ್ ಮಾಲು ಇದು. ಮರಳಲ್ಲಿ ತೇವ ಜಾಸ್ತಿಯಾದ್ರೆ ಹಿಂಗೇ ತೂತು ಬೀಳೋದು. ಮತ್ತೆ ಕರಗಿಸೋಕೆ ಫರ್ನೇಸಿಗೆ ಹೋಗ್ಬೇಕಿತ್ತು."

ಸಹೋದ್ಯೋಗಿ ನನ್ನ ಮುಖ ನೋಡಿದರು. ನಾನು ಆ ತಲೆಕೆಳಗಾದ ಕುರ್ಚಿಯತ್ತ ನೋಡಿದೆ.

ಅಪ್ಪ ನಿಲ್ಲಿಸಲಿಲ್ಲ. "ಆ ಮಾರ್ಕು ಒರೆಸಿಬಿಡಿ ಸ್ವಾಮಿ. ಇಷ್ಟು ಜನ ಬರ್ತಾರೆ, ಲೈಟು ಬೇರೆ ಬಿಟ್ಟಿದೀರಿ. ಮಾಡಿದವನ ಮರ್ಯಾದೆ ಏನಾಗ್ಬೇಕು? ನಮ್ಮಲ್ಲಿ ಯಾರದ್ದಾದ್ರೂ ರಿಜೆಕ್ಟ್ ಆದ್ರೆ ಮೇಲೆ ಗೋಣಿಚೀಲ ಹಾಕಿ ತಗೊಂಡ್ ಹೋಗ್ತಿದ್ವಿ. ಪಕ್ಕದವನಿಗೂ ಕಾಣ್ಬಾರ್ದು ಅಂತ."

"ಆ ಮಾರ್ಕ್ ಇದ್ರೇನೇ ಇದು ಆರ್ಟ್, ಅಂಕಲ್."

"ಮಾರ್ಕು ಇನ್‌ಸ್ಪೆಕ್ಟರ್ದು. ಎರಕ ಮೌಲ್ಡರ್ದು. ಮತ್ತೆ ನೀವೇನ್ ಮಾಡಿದ್ರಿ?"

ಕಲಾವಿದ ಸಿಟ್ಟಾಗಲಿಲ್ಲ. "ನಾನು ನೋಡ್ದೆ. ಗುಜರೀಲಿ ಬಿದ್ದಿತ್ತು, ಬೇರೆ ಯಾರೂ ನೋಡಿರ್ಲಿಲ್ಲ."

ಅಪ್ಪ ಬಗ್ಗಿ ಪುಲ್ಲಿಯನ್ನು ಇನ್ನೊಮ್ಮೆ ನೋಡಿದ. "ಅದೂ ಸರೀನೇ" ಎಂದ. (ನನ್ನ ಅರ್ಧ ಪುಟಕ್ಕೆ ಅಷ್ಟು ಮೆಚ್ಚುಗೆಯೂ ಸಿಗಲಿಲ್ಲ.)

ಮಾರ್ಕು ಒರೆಸಲಿಲ್ಲ, ನಿಜ. ಆದರೆ ಕಲಾವಿದ ಅಭಿಪ್ರಾಯ ಪುಸ್ತಕವನ್ನು ತಾವೇ ತಂದು ಅಪ್ಪನ ಮುಂದೆ ಹಿಡಿದರು. ಅಪ್ಪ ಪೆನ್ನನ್ನು ನನ್ನ ಕೈಗೆ ದಾಟಿಸಿದ.

"ನೀನೇ ಬರಿ ಮಾರಾಯ್ತಿ, ನಿನ್ ಅಕ್ಷರ ದುಂಡಗಿದೆ."

"ಏನಂತ ಬರೀಲಿ?"

"ಇದನ್ನ ಮಾಡಿದವನು ಮಾರನೇ ದಿನ ಚೆನ್ನಾಗೇ ಮಾಡಿರ್ತಾನೆ. ಅಷ್ಟು ಬರಿ, ಸಾಕು."

ನನ್ನ ಪ್ರತಿಭಟನೆ, ಖಾಲಿತನಗಳ ಕೆಳಗೆ ಆ ಒಂದು ಸಾಲು ಬರೆದೆ. ಮೌಲ್ಡರ್ ಮಗಳು ನಾನು. ಮರಳಿನ ಅಚ್ಚು ಕಟ್ಟಿದ ಸಂಬಳದಲ್ಲೇ ಓದಿದವಳು.

ಒಂದು ಪುಲ್ಲಿಯಲ್ಲಿ ಇಡೀ ಮನುಷ್ಯಕುಲದ ಖಾಲಿತನ ಕಂಡ ನನಗೆ, ಅದನ್ನು ಒಬ್ಬ ಮನುಷ್ಯ ಮಾಡಿದ್ದ ಎಂಬುದು ಯಾಕೆ ಕಾಣಲಿಲ್ಲ?